ತನಗೇ ಕೇಳಿಸದ ಕೀರಲಿಗೆ ಮದ್ದರೆಯುವ ಮೇಸ್ತ್ರಿ

ಬೆಳಗಿನ ಐದೂವರೆ. ಬಸ್ ನಿಲ್ದಾಣದ ಹಿಂಬದಿಯ ಓಣಿಯಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಓಣಿಯ ಕೊನೆಯ ತಗಡಿನ ಶೆಡ್ಡಿನಲ್ಲಿ ಮಾತ್ರ ಆಗಲೇ ಕೆಲಸ ಶುರುವಾಗಿದೆ. ಇಪ್ಪತ್ತನಾಲ್ಕು ವರ್ಷ ಹಳೆಯ ಫೋರ್‌ವೀಲ್ ಡ್ರೈವ್ ಗಾಡಿಯೊಂದು ಬಾನೆಟ್ಟು ಎತ್ತಿಕೊಂಡು ನಿಂತಿದೆ. ಮುಂದಿನ ಚಕ್ರಗಳ ನಡುವೆ ಎರಡು ಕಾಲುಗಳು ಕಾಣುತ್ತಿವೆ. ಮಿಕ್ಕ ಶರೀರವೆಲ್ಲ ಗಾಡಿಯ ಅಡಿಯಲ್ಲಿದೆ. ಪ್ಲಾಸ್ಟಿಕ್ ಟಬ್ಬಿಗೆ ಏನೋ ಧಾರೆಯಾಗಿ ಸುರಿಯುತ್ತಿದೆ. ಬಣ್ಣ ಮೂರು ಸಲ ಕುದಿಸಿದ ಚಹಾದ್ದು, ವಾಸನೆ ತುಕ್ಕಿನದ್ದು.

ನಾನು ಕೆಮ್ಮುತ್ತೇನೆ. ಕಾಲುಗಳು ಅಲುಗುವುದಿಲ್ಲ. ನಮಸ್ಕಾರ ಎನ್ನುತ್ತೇನೆ, ಇನ್ನೊಮ್ಮೆ ದನಿ ಏರಿಸಿ ಎನ್ನುತ್ತೇನೆ. ಅದಕ್ಕೂ ಉತ್ತರವಿಲ್ಲ. ಪತ್ರಿಕೆಯವರೆಂದರೆ ಅಷ್ಟೂ ಮರ್ಯಾದೆ ಇಲ್ಲವೇ ಎಂದು ನನ್ನ ಮೂಗಿನ ತುದಿಗೆ ಸಿಟ್ಟು ಬರುವಷ್ಟರಲ್ಲಿ ಪಕ್ಕದ ಗೋಡೆಯ ಕಿಟಕಿಯಿಂದ ಹೆಣ್ಣುದನಿಯೊಂದು ನನ್ನನ್ನು ತಿದ್ದುತ್ತದೆ. "ದನಿ ಏರಿಸ್ಬೇಡಿ, ಇಳಿಸಿ. ದಪ್ಪಗೆ ಕರೀರಿ. ಸಣ್ಣ ದನಿ ಅವರಿಗೆ ಕೇಳ್ಸಲ್ಲ." ಹೊಟ್ಟೆಯೊಳಗಿನಿಂದ ದನಿ ತೆಗೆದು ಕರೆಯುತ್ತೇನೆ. ತಕ್ಷಣ ಕಾಲುಗಳು ಜರುಗುತ್ತವೆ, ನರೆತ ಗಡ್ಡದ ಮುಖವೊಂದು ಹೊರಗೆ ಬರುತ್ತದೆ. ನಮಸ್ಕಾರಕ್ಕೆ ಬದಲಾಗಿ ನನ್ನ ಕೈಗೆ ಟಾರ್ಚು ಸಿಗುತ್ತದೆ. ಮುಂದಿನ ಐದು ಗಂಟೆ ನಾನು ಬರೆದದ್ದಕ್ಕಿಂತ ಟಾರ್ಚು ಹಿಡಿದದ್ದೇ ಹೆಚ್ಚು.

ಇವರು ಈ ಊರಿನ ಗಾಡಿ ಓಡಿಸುವವರಿಗೆಲ್ಲ 'ತಣ್ಣಗಾಗ್ಲಿ ಮೇಸ್ತ್ರಿ'. ವಯಸ್ಸು ಐವತ್ತೆಂಟು. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಇವರು ಯಾರ ಅವಸರಕ್ಕೂ ತೆರೆಯುವವರಲ್ಲ. ಮದುವೆಗೆ ಹೊರಟವರಿರಲಿ, ಕೋರ್ಟಿಗೆ ಹೊರಟವರಿರಲಿ, ಮೊದಲು ಕೇಳಿಬರುವುದು "ತಣ್ಣಗಾಗ್ಲಿ". ಜಗಳಕ್ಕೆ ಬಂದ ಗಿರಾಕಿಗೂ ಅದೇ ಉತ್ತರವಂತೆ. ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ, ಕೆಲಸಕ್ಕೆ ಸೇರಿದ ನಾಲ್ಕನೇ ದಿನ, ಯಜಮಾನರು ಬೇಗ ಬೇಗ ಎಂದರೆಂದು ಬಿಸಿ ಮುಚ್ಚಳ ತಿರುಗಿಸಿದ್ದರ ಗುರುತು ಅದು. ಹೆಸರು ಅಲ್ಲಿಂದಲೇ ಹುಟ್ಟಿತು ಎಂದು ಅವರೇ ನಗುತ್ತಾರೆ.

ಈ ಗಾಡಿ ಬೆಟ್ಟದ ಗಾಡಿ. ಬೆಟ್ಟದ ಮೇಲೆ ಚದುರಿರುವ ಆರು ಸಣ್ಣ ಊರಿನವರು ಸೇರಿ ಇಟ್ಟುಕೊಂಡದ್ದು. ವಾರಕ್ಕೆ ಮೂರು ದಿನ ನಾಲ್ಕು ಮಂದಿ ರೋಗಿಗಳನ್ನು ಕೆಳಗಿನ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆತಂದು, ಮುಗಿದ ಮೇಲೆ ವಾಪಸು ಮುಟ್ಟಿಸುತ್ತದೆ. ಬಸ್ಸು ಆ ದಾರಿಯಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಅದರಾಚೆ ನಾಲ್ಕೂ ಚಕ್ರ ತಿರುಗುವ ಗಾಡಿಯೇ ಬೇಕು. ಕಳೆದ ಸೋಮವಾರ ಸಂಜೆ, ವಾಪಸು ಏರುವಾಗ, ಏಳನೇ ತಿರುವಿನಲ್ಲಿ ಇಂಜಿನ್ ಕುದಿದು ರೇಡಿಯೇಟರಿನ ಮೇಲಿನ ತೊಟ್ಟಿಯ ಅಂಚು ಸೀಳಿತು. ನಾಲ್ಕು ಗಂಟೆ ಯಂತ್ರಕ್ಕೆ ರಕ್ತ ಕೊಟ್ಟು ತೆಗೆದುಕೊಂಡು ಸುಸ್ತಾಗಿದ್ದ ನಾಲ್ವರೂ ಎರಡೂವರೆ ಗಂಟೆ ಕಲ್ಲಿನ ಮೇಲೆ ಕುಳಿತರು. ಕೊನೆಗೆ ತರಕಾರಿ ಲಾರಿಯವನೊಬ್ಬ ಹತ್ತಿಸಿಕೊಂಡು ಹೋದ. ಅವರಲ್ಲೊಬ್ಬರು ನಿವೃತ್ತ ಗ್ರಂಥಪಾಲಕಿ. ರಸ್ತೆಗೆ ಸೋರಿದ ನೀರನ್ನು ನೋಡಿ, ತನಗೂ ಗಾಡಿಗೂ ಒಂದೇ ಕಾಯಿಲೆ, ಇಬ್ಬರಿಗೂ ನೀರು ನಿಲ್ಲುವ ಕಡೆ ನಿಲ್ಲುತ್ತಿಲ್ಲ ಎಂದರಂತೆ. ಉಳಿದ ಮೂವರೂ ನಕ್ಕರಂತೆ.

ಇವತ್ತು ಬುಧವಾರ. ಮಧ್ಯಾಹ್ನ ಎರಡಕ್ಕೆ ಆ ನಾಲ್ವರೂ ಮತ್ತೆ ಯಂತ್ರದ ಮುಂದಿರಬೇಕು. ಲಾರಿಯವನು ಇವತ್ತು ಬೇರೆ ದಾರಿ ಹಿಡಿದಿದ್ದಾನೆ. ಗಾಡಿಯನ್ನು ನಿನ್ನೆ ಬೆಳಿಗ್ಗೆ ಇಲ್ಲಿಗೆ ಎಳೆದು ತಂದಿದ್ದಾರೆ, ಹೊಸ ರೇಡಿಯೇಟರ್ ದೂರದ ಪೇಟೆಯಿಂದ ನಿನ್ನೆ ಸಂಜೆಯ ಬಸ್ಸಿನಲ್ಲಿ ಬಂದಿಳಿದಿದೆ. ಊರೂರು ಸುತ್ತಿ ನಾಲ್ವರನ್ನೂ ಹತ್ತಿಸಿಕೊಂಡು ಇಳಿಯಬೇಕಾದರೆ ಗಾಡಿ ಹತ್ತೂವರೆಗೆ ಈ ಶೆಡ್ಡು ಬಿಡಲೇಬೇಕು. ಒಂದು ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರಾಟ ಕಷ್ಟವಾಗುತ್ತದೆ. ಯಂತ್ರ ಖಾಲಿ ಸಿಗುವುದು ಮತ್ತೆ ಶುಕ್ರವಾರವೇ. ಇದನ್ನೆಲ್ಲ ಹೇಳುತ್ತಿರುವವನು ಗಾಡಿಯ ಡ್ರೈವರ್. ಮೇಸ್ತ್ರಿಯ ಹೆಂಡತಿಯ ತಮ್ಮ. ಭಾವ ಬೋಲ್ಟು ಬಿಚ್ಚಿದರೆ ಇವನು ಬೋಲ್ಟು ಎಣಿಸುತ್ತಾನೆ, ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಾನೆ. ಗಡಿಯಾರ ನೋಡಿ ನೋಡಿ ಅದು ಸವೆದೀತು ಎಂದು ಭಾವ ಚುಡಾಯಿಸುತ್ತಾರೆ. ಕೆಲಸದ ವೇಗ ಮಾತ್ರ ಒಂದಿಷ್ಟೂ ಏರುವುದಿಲ್ಲ, ಇಳಿಯುವುದೂ ಇಲ್ಲ.

ಒಳಗೆ ಉಳಿದಿದ್ದ ಹಳೆಯ ನೀರೆಲ್ಲ ಇಳಿದ ಮೇಲೆ ರಬ್ಬರ್ ಕೊಳವೆಗಳ ಸರದಿ. ಮೇಲಿನದು ಸುಲಭವಾಗಿ ಬರುತ್ತದೆ. ಕೆಳಗಿನದು ವರ್ಷಗಳಿಂದ ಕಚ್ಚಿಕೊಂಡಿದೆ. ಎಳೆದರೆ ಆಗದೇ ಎಂದು ನಾನು ಕೇಳಿದ್ದಕ್ಕೆ, ಎಳೆಯುವುದು ಗೊತ್ತಿಲ್ಲದವರ ಕೆಲಸ, ತಿರುಚುವುದು ಗೊತ್ತಿದ್ದವರ ಕೆಲಸ ಎನ್ನುತ್ತಾರೆ. ಎರಡು ಸುತ್ತು ತಿರುಚಿದೊಡನೆ ಅದು ತಾನಾಗಿ ಜಾರಿಬರುತ್ತದೆ. ಫ್ಯಾನಿನ ಸುತ್ತಲ ಪ್ಲಾಸ್ಟಿಕ್ ಹೊದಿಕೆ ಹೊರಗೆ, ನಾಲ್ಕು ಬೋಲ್ಟು ಹೊರಗೆ, ಆಮೇಲೆ ಹಳೆಯ ರೇಡಿಯೇಟರನ್ನು ಎರಡೂ ಕೈಯಲ್ಲಿ ಹಿಡಿದು ನೇರವಾಗಿ ಮೇಲೆತ್ತುತ್ತಾರೆ. ಅದರ ಕಿವಿರುಗಳಲ್ಲಿ ಹತ್ತಾರು ವರ್ಷದ ಹುಳ, ಹುಲ್ಲು, ಕೆಂಪು ಧೂಳು. ಸೀಳಿದ ಅಂಚನ್ನು ಬೆರಳಿನಿಂದ ಸವರಿ ನೋಡುತ್ತಾರೆ. ಮುಪ್ಪಾಗಿತ್ತು, ಆದರೂ ಇನ್ನೊಂದು ವರ್ಷ ಬರಬೇಕಿತ್ತು ಎಂಬುದು ಅವರ ಲೆಕ್ಕಾಚಾರ.

ಮೂವತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಅದರಲ್ಲಿ ಇಪ್ಪತ್ತಾರು ವರ್ಷ ದೊಡ್ಡ ವರ್ಕ್‌ಶಾಪೊಂದರಲ್ಲಿ, ಬಾಡಿ ಬಡಿಯುವ ವಿಭಾಗದ ಗೋಡೆಗೆ ಅಂಟಿಕೊಂಡ ಮೂಲೆಯಲ್ಲಿ. ಒಂದು ಕಡೆ ಸುತ್ತಿಗೆ, ಇನ್ನೊಂದು ಕಡೆ ಗಾಳಿಯ ಗನ್ನು. ಕಿವಿಗೆ ಹತ್ತಿ ಇಟ್ಟುಕೊಂಡರೆ ಸಹೋದ್ಯೋಗಿಗಳು ನಗುತ್ತಿದ್ದ ಕಾಲ ಅದು. ಮನೆಯ ಕರೆಗಂಟೆ ಕೇಳಿಸದಾದಾಗ ಗಂಟೆ ಕೆಟ್ಟಿದೆ ಎಂದುಕೊಂಡು ಅದನ್ನೇ ಎರಡು ಸಲ ಬಿಚ್ಚಿ ಜೋಡಿಸಿದರಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಎಂದು ಹೆಂಡತಿ ಈಗಲೂ ಹಂಗಿಸುತ್ತಾರೆ. ಕೊನೆಗೆ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಗೆ ಕೂರಿಸಿದರು. "ಹೆಡ್‌ಫೋನ್ ಹಾಕಿ, ಸದ್ದು ಕೇಳ್ದಾಗ ಬೆರಳೆತ್ತಿ ಅಂದ್ರು. ನಾನು ಬೆರಳು ರೆಡಿ ಮಾಡ್ಕೊಂಡು ಕಾಯ್ತಾ ಕೂತೆ. ಬಹಳ ಹೊತ್ತಾಯ್ತು. ಇನ್ನೂ ಶುರು ಮಾಡಿಲ್ವಾ ಡಾಕ್ಟ್ರೇ ಅಂದೆ. ಮುಗೀತು ಅಂದ್ರು."

ದಪ್ಪ ಸದ್ದುಗಳು ಇವರಿಗೆ ಈಗಲೂ ಕೇಳುತ್ತವೆ. ಇಂಜಿನ್ನಿನ ಗುಡುಗು, ಗೇರಿನ ಗೊಣಗಾಟ, ಬೇರಿಂಗಿನ ಗರಗರ, ಭಾವಮೈದುನನ ಆಕಳಿಕೆ. ಹೋಗಿರುವುದು ಸಣ್ಣ, ಚೂಪು ಸದ್ದುಗಳು. ಹಕ್ಕಿ, ಸೀಟಿ, ಮೊಮ್ಮಗಳ ಮಾತು. ಬೆಲ್ಟಿನ ಕೀರಲೂ ಆ ಪಟ್ಟಿಗೆ ಸೇರಿದೆ. ಬೆಲ್ಟು ಎಂದರೆ ಇಂಜಿನ್ನಿನ ಮುಂಭಾಗದಲ್ಲಿ ಮೂರು ಗಾಲಿಗಳನ್ನು ಸುತ್ತಿ ಓಡುವ ರಬ್ಬರ್ ಪಟ್ಟಿ. ಫ್ಯಾನು, ನೀರಿನ ಪಂಪು, ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರ್ ಎಲ್ಲವನ್ನೂ ತಿರುಗಿಸುವುದು ಅದೇ. ಅದು ಎಡವಟ್ಟಾದರೆ ಇಡೀ ಬೀದಿ ಹಲ್ಲು ಕಚ್ಚುವಂತೆ ಕಿರುಚುತ್ತದೆ. ಬೀದಿಗೆಲ್ಲ ಕೇಳುವ ಆ ಸದ್ದು ಅದನ್ನು ಸರಿಮಾಡಬೇಕಾದ ಮನುಷ್ಯನಿಗೆ ಮಾತ್ರ ಕೇಳುವುದಿಲ್ಲ. ಶ್ರವಣಯಂತ್ರ ಇದೆ. ಶೆಡ್ಡಿನಲ್ಲಿ ಹಾಕಿದರೆ ಸಂತೆಯನ್ನೇ ಕಿವಿಯೊಳಗೆ ಸುರಿದ ಹಾಗಾಗುತ್ತದೆಂದು ಅದು ಬೀರುವಿನಲ್ಲಿರುತ್ತದೆ, ಮೊಮ್ಮಗಳು ಫೋನ್ ಮಾಡುವ ಭಾನುವಾರಗಳಂದು ಹೊರಗೆ ಬರುತ್ತದೆ.

ಹಾಗಿದ್ದರೆ ಇಷ್ಟು ವರ್ಷ ಕೆಲಸ ನಡೆದದ್ದು ಹೇಗೆ? ಉತ್ತರ ಕಿಟಕಿಯ ಆಚೆಗಿದೆ. ಮೇಸ್ತ್ರಿಯ ಹೆಂಡತಿ ಅಲ್ಲಿ ಗಾಡಿಗಳ ಸೀಟಿಗೆ ಕವರು ಹೊಲಿಯುತ್ತಾರೆ. ವಯಸ್ಸು ಐವತ್ತನಾಲ್ಕು. ಗಂಡ ಸ್ವಂತ ಶೆಡ್ಡು ಹಾಕಿದ ಹೊಸತರಲ್ಲಿ ಒಂದು ದಿನ, ಮಿಷನ್ನು ತುಳಿಯುವುದನ್ನು ನಿಲ್ಲಿಸಿ, ಆ ಬಿಳಿ ಗಾಡಿ ಯಾಕೆ ಅಳುತ್ತಿದೆ ಎಂದರು. ಯಾವ ಅಳು ಎಂದು ಗಂಡ ಕೇಳಿದರು. ಗಿರಾಕಿ ಬರಲು ಇನ್ನು ಹತ್ತು ನಿಮಿಷವಿತ್ತು. ಅಂದಿನಿಂದ ಹದಿಮೂರು ವರ್ಷ, ಈ ಶೆಡ್ಡಿನಿಂದ ಹೊರಡುವ ಯಾವ ಗಾಡಿಯೂ ಅವರ ಕೈ ನೋಡದೆ ಹೊರಡುವುದಿಲ್ಲ. ಅಂಗೈ ಮೇಲೆತ್ತಿದರೆ ಕೀರಲು ಇದೆ ಎಂದರ್ಥ. ಕೈ ಕೆಳಗಿಳಿಸಿ ಮೇಜಿನ ಮೇಲೆ ಚಪ್ಪಟೆ ಇಟ್ಟರೆ ಇಲ್ಲ. ಗಿರಾಕಿಗಳಿಗೆ ಇದು ಗಂಡಹೆಂಡಿರ ಸಲಿಗೆಯಂತೆ ಕಾಣುತ್ತದೆ. ಯಾರಿಗೂ ಬಿಡಿಸಿ ಹೇಳಿಲ್ಲ. ಕಿವುಡನ ಹತ್ತಿರ ಗಾಡಿ ಬಿಡುವವರು ಯಾರು ಎಂಬ ಅಳುಕು ಇಬ್ಬರಿಗೂ ಇದ್ದದ್ದು ನಿಜ.

ದಿನಕ್ಕೆ ಎರಡೇ ಗಾಡಿ, ಮೂರನೆಯದನ್ನು ಮುಟ್ಟುವುದಿಲ್ಲ. ವರ್ಷಕ್ಕೆ ಅರವತ್ತರ ಆಸುಪಾಸು ರೇಡಿಯೇಟರು. ಗಾಡಿಯಡಿ ತೂರಿ ಹೊರಬರುವುದು ದಿನಕ್ಕೆ ಮೂವತ್ತು ಸಲ, ಪ್ರತಿ ಸಲವೂ ಸೊಂಟ ಹಿಡಿದುಕೊಂಡು ಒಮ್ಮೆ ಆಕಾಶ ನೋಡುವುದು. ಚಹಾ ಆರು ಲೋಟ, ಅದರಲ್ಲಿ ಎರಡು ಗ್ಯಾರಂಟಿ ಆರಿಹೋಗಿರುತ್ತವೆ. ಬಿಸಿ ಇದ್ದಾಗ ತೆರೆಯುವುದಿಲ್ಲ, ಕುಡಿಯುವುದೂ ಇಲ್ಲ ಎಂದು ಹೆಂಡತಿ ಗೊಣಗುತ್ತಾರೆ. ಕಷ್ಟಗಳನ್ನು ಕೇಳಿದರೆ ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಾರೆ. ಒಂದು ಮಳೆಗಾಲ ಶೆಡ್ಡಿನ ಮಾಡು ಹಾರಿಹೋಯಿತು, ಆ ವರ್ಷ ಕೊಡೆ ಕಟ್ಟಿಕೊಂಡು ಕೆಲಸ ಮಾಡಿದೆ ಎನ್ನುತ್ತಾರೆ, ಅದೇನು ದೊಡ್ಡದಲ್ಲ ಎಂಬ ಧಾಟಿಯಲ್ಲಿ.

ಏಳೂವರೆಗೆ ಹೊಸ ರೇಡಿಯೇಟರ್ ಪೆಟ್ಟಿಗೆಯಿಂದ ಹೊರಬರುತ್ತದೆ. ಅದನ್ನು ಕೂರಿಸುವ ಮೊದಲು, ಜಾಗ ಖಾಲಿ ಇರುವಾಗಲೇ ಬೆಲ್ಟನ್ನೂ ಬದಲಿಸಿಬಿಡುವುದು ಜಾಣತನ. ಮೇಸ್ತ್ರಿ ಹಳೆಯ ಬೆಲ್ಟನ್ನು ಕಳಚಿ ಬೆಳಕಿಗೆ ಹಿಡಿಯುತ್ತಾರೆ. ಒಳಮೈ ಗಾಜಿನಂತೆ ನುಣುಪು. ಮೂಗಿನ ಹತ್ತಿರ ತಂದವರು ಹುಬ್ಬು ಗಂಟಿಕ್ಕುತ್ತಾರೆ, ಮತ್ತೊಮ್ಮೆ ಮೂಸುತ್ತಾರೆ. ರಬ್ಬರಿನ ವಾಸನೆಯ ಜೊತೆಗೆ ಸ್ನಾನದ ಮನೆಯ ಪರಿಮಳವಿದೆ. ಇದಕ್ಕೆ ಯಾರು ಎಣ್ಣೆ ನೀರು ಹಾಕಿದರು ಎಂದು ಭಾವಮೈದುನನನ್ನು ಕೇಳುತ್ತಾರೆ. ಅವನು ಗಾಡಿ ತೊಳೆಯುವಾಗ ನೊರೆ ಹಾರಿರಬೇಕು ಎಂದು ಗಡಿಯಾರ ನೋಡುತ್ತಾನೆ. ಮೇಸ್ತ್ರಿ ಒಂದು ಕ್ಷಣ ಅವನ ಮುಖ ನೋಡಿ, ಬೆಲ್ಟನ್ನು ಮೊಳೆಗೆ ನೇತುಹಾಕಿ ಮುಂದಿನ ಕೆಲಸಕ್ಕೆ ತಿರುಗುತ್ತಾರೆ.

ಮೂರೂ ಗಾಲಿಗಳಲ್ಲಿ ಬೆಲ್ಟು ಕೂರುವ ಕೊರಕಲುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ, ಹೊಸ ಬೆಲ್ಟು ಏರಿಸುತ್ತಾರೆ. ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಅಂಗುಲ ಬಾಗಬೇಕು. ಒಂಚೂರು ಹೆಚ್ಚು ಬಿಗಿಮಾಡಿದರೆ ಗಟ್ಟಿ ಅಲ್ಲವೇ ಎಂದ ನನಗೆ, ಬಿಗಿಮಾಡಿದ ಬೆಲ್ಟು ಪಂಪಿನ ಬೇರಿಂಗನ್ನು ತಿಂದುಹಾಕುತ್ತದೆ ಎಂಬ ಪಾಠ ಸಿಗುತ್ತದೆ. ಫ್ಯಾನಿನ ರೆಕ್ಕೆ ತಾಗದಿರಲೆಂದು ನಡುವೆ ಒಂದು ರಟ್ಟು ಇಟ್ಟು ಹೊಸ ರೇಡಿಯೇಟರನ್ನು ಇಳಿಸುತ್ತಾರೆ. ಮಗುವನ್ನು ತೊಟ್ಟಿಲಿಗೆ ಇಳಿಸುವವರು ಕೂಡ ಅಷ್ಟು ಜೋಪಾನ ಮಾಡಲಾರರು. ರಬ್ಬರ್ ಮೆತ್ತೆ, ಬೋಲ್ಟು, ಕೊಳವೆ, ಹೊಸ ಕ್ಲಾಂಪು. ಕೂಲಂಟ್ ಅರ್ಧ, ಶುದ್ಧ ನೀರು ಅರ್ಧ, ನಿಧಾನವಾಗಿ ಸುರಿದಂತೆ ಗುಳುಗುಳು ಎಂದು ಗಾಳಿ ಮೇಲೆ ಬರುತ್ತದೆ.

ಒಂಬತ್ತೂ ಇಪ್ಪತ್ತಕ್ಕೆ ಇಂಜಿನ್ ಚಾಲೂ. ಮುಚ್ಚಳ ತೆರೆದೇ ಇದೆ. ಮೇಸ್ತ್ರಿ ಮೇಲಿನ ಕೊಳವೆಯನ್ನು ಹಿಸುಕಿ ಹಿಸುಕಿ ಗುಳ್ಳೆಗಳನ್ನು ಹೊರಡಿಸುತ್ತಾರೆ. ಎಂಬತ್ತೆರಡು ಡಿಗ್ರಿ ಮುಟ್ಟಿದಾಗ ಒಳಗಿನ ಕವಾಟ ತೆರೆದು ಕೊಳವೆ ಒಮ್ಮೆಲೇ ಬಿಸಿಯಾಗುತ್ತದೆ. ಅದನ್ನು ಅಂಗೈಯಿಂದಲೇ ಓದುತ್ತಾರೆ. ನೀರು ತುಂಬಿಸಿ ಮುಚ್ಚಳ ಹಾಕುತ್ತಾರೆ. ಒಂದು ತೊಟ್ಟೂ ಸೋರಿಕೆ ಇಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ತುದಿಯನ್ನು ಪಂಪಿಗೆ ಮುಟ್ಟಿಸಿ ಕಣ್ಣು ಮುಚ್ಚುತ್ತಾರೆ. ಬೇರಿಂಗಿನ ದಪ್ಪ ಸದ್ದು ದವಡೆಯ ಮೂಳೆಯಿಂದ ತಲೆಗೆ ಹೋಗುತ್ತದಂತೆ. ಪಂಪು ಚೆನ್ನಾಗಿದೆ ಎಂದು ತಲೆಯಾಡಿಸುತ್ತಾರೆ. ಗಂಟೆ ಒಂಬತ್ತೂ ಮುಕ್ಕಾಲು, ಮುಖದಲ್ಲಿ ನೆಮ್ಮದಿ. ಎಂದಿನಂತೆ ಕಿಟಕಿಯತ್ತ ನೋಡುತ್ತಾರೆ.

ಕಿಟಕಿಯಲ್ಲಿ ಹೆಂಡತಿಯ ಅಂಗೈ ಮೇಲೆದ್ದಿದೆ.

ಬೆಲ್ಟು ಬಿಸಿಯೇರಿದಂತೆ ಶುರುವಾದ ಸದ್ದು ನನಗೂ ಕೇಳುತ್ತಿದೆ. ಹೊಸ ಬೆಲ್ಟು, ಹೊಸ ರೇಡಿಯೇಟರು, ಆದರೂ ಕಿವಿಗೆ ಸೂಜಿ ಹಾಕುವ ಕೀರಲು. ಮೇಸ್ತ್ರಿ ಬೆಲ್ಟನ್ನು ದಿಟ್ಟಿಸುತ್ತಾರೆ. ಅವರ ಪಾಲಿಗೆ ಅದು ಮೌನವಾಗಿ ಓಡುತ್ತಿದೆ. ಡ್ರೈವರ್ ತಡಮಾಡುವುದಿಲ್ಲ. "ಹೊರಡೋಣ ಭಾವ. ಇದಕ್ಕೆ ನನ್ ಹತ್ರ ಮದ್ದಿದೆ," ಎಂದು ಡ್ಯಾಶ್‌ಬೋರ್ಡಿನ ಖಾನೆಗೆ ಕೈಹಾಕುತ್ತಾನೆ. ಹೊರಬಂದದ್ದು ಗುಲಾಬಿ ಬಣ್ಣದ ಅರ್ಧ ಸವೆದ ಸೋಪು. ಓಡುವ ಬೆಲ್ಟಿಗೆ ಅದನ್ನು ಹಿಡಿಯಲು ಹೊರಟವನ ಮಣಿಕಟ್ಟನ್ನು ಭಾವ ಹಿಡಿದು ನಿಲ್ಲಿಸುತ್ತಾರೆ. ಇನ್ನೊಂದು ಕೈ ಚಾಚಿ ಇಂಜಿನ್ ಆರಿಸುತ್ತಾರೆ.

ಎಷ್ಟು ದಿನದಿಂದ ಎಂದು ಕೇಳುತ್ತಾರೆ. ಒಂದೂವರೆ ವರ್ಷದಿಂದ, ವಾರಕ್ಕೊಮ್ಮೆ ಎಂದು ಅವನು ನೆಲ ನೋಡಿಕೊಂಡು ಹೇಳುತ್ತಾನೆ. ಒಂದೂವರೆ ವರ್ಷದ ಹಿಂದೆ ಈ ಗಾಡಿಗೆ ಆಲ್ಟರ್ನೇಟರ್ ಬದಲಿಸಿದವರು ಮೇಸ್ತ್ರಿಯೇ. ಆಗ ಹೆಂಡತಿ ಮಗಳ ಎರಡನೇ ಬಾಣಂತನಕ್ಕೆಂದು ಎರಡು ತಿಂಗಳು ಪರ ಊರಲ್ಲಿದ್ದರು. ಕಿಟಕಿ ಮುಚ್ಚಿತ್ತು.

"ಅವತ್ತಿಂದ್ಲೇ ಕೂಗ್ತಿತ್ತು ಭಾವ. ನೀವು ಸ್ಟಾರ್ಟ್ ಮಾಡಿ, ಎಷ್ಟು ಸುಮ್ನಿದೆ ನೋಡು ಅಂದ್ರಿ. ಆ ಮುಖ ನೋಡ್ಕೊಂಡು ಹೇಗ್ ಹೇಳ್ಲಿ?"

ನಾನು ಟಾರ್ಚನ್ನು ಎತ್ತ ಹಿಡಿಯಬೇಕೆಂದು ತಿಳಿಯದೆ ನನ್ನ ಬೂಟಿಗೆ ಬಿಡುತ್ತೇನೆ. ಮೊದಲು ಸಿಡಿಯುವುದು ಹೆಂಡತಿ. ತನಗಾದರೂ ಹೇಳಬಹುದಿತ್ತಲ್ಲ, ಅಕ್ಕ ಇದ್ದದ್ದು ಯಾತಕ್ಕೆ ಎಂದು ತಮ್ಮನನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ಊರಿಂದ ಬಂದ ಮೇಲೆ ಗಾಡಿ ಎಷ್ಟು ಸಲ ಈ ಶೆಡ್ಡಿಗೆ ಬಂದಿಲ್ಲ? ಬರುವ ಮುನ್ನ ಓಣಿಯ ತುದಿಯಲ್ಲಿ ನಿಲ್ಲಿಸಿ ಸೋಪು ಹಚ್ಚಿಕೊಂಡೇ ಬರುತ್ತಿದ್ದೆ ಎಂದು ತಮ್ಮ ಒಪ್ಪಿಕೊಳ್ಳುತ್ತಾನೆ. ಅಕ್ಕನ ಕಣ್ಣಲ್ಲಿ ನೀರು ಬರುತ್ತದೆ, ಸಿಟ್ಟಿನದೋ ಸಂಕಟದ್ದೋ ಹೇಳಲಾಗದು. ಮೇಸ್ತ್ರಿಯ ಮುಖ ಬಾಡಿದೆ. ನೋವಾಗಿದೆ, ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಅವರು ಮಾಡುವುದಿಲ್ಲ. ಆದರೆ ದನಿ ಏರುವುದಿಲ್ಲ.

"ನನ್ ಕಿವಿ ಹೋಗಿದ್ದು ನಂಗೆ ಹಳೇ ಸುದ್ದಿ ಕಣೋ. ನೀನು ಸೋಪು ಹಚ್ಚಿದ್ರೆ ಬೆಲ್ಟು ಕೂಗಲ್ಲ, ಆದ್ರೆ ಜಾರುತ್ತೆ. ಏರು ದಾರೀಲಿ ಜಾರಿದ್ರೆ ಪಂಪೂ ನಿಧಾನ, ಫ್ಯಾನೂ ನಿಧಾನ. ನೀರು ಕುದೀದೆ ಇನ್ನೇನು ಮಾಡುತ್ತೆ? ನನ್ ಮೇಲೆ ಕನಿಕರ ತೋರಿಸ್ದೆ. ಕಲ್ಲಿನ ಮೇಲೆ ಕೂತೋರು ಆ ನಾಲ್ಕು ಜನ."

ಡ್ರೈವರ್ ಸೋಪನ್ನು ಕಸದ ಡಬ್ಬಿಗೆ ಹಾಕುತ್ತಾನೆ. ಯಾರೂ ಹೇಳದೆ ಬೆಟ್ಟಕ್ಕೆ ಫೋನ್ ಮಾಡಿ, ಎಲ್ಲರೂ ತಯಾರಾಗಿರಿ, ಗಾಡಿ ಬರುತ್ತದೆ ಎನ್ನುತ್ತಾನೆ. ಆ ಕಡೆ ಗ್ರಂಥಪಾಲಕಿ, ಬೆಳಿಗ್ಗೆಯಿಂದ ಕಾಲು ಊದಿದೆ, ಚಪ್ಪಲಿ ಹಿಡಿಸುತ್ತಿಲ್ಲ, ಬರಿಗಾಲಲ್ಲೇ ಕುಳಿತಿದ್ದೇನೆ ಎಂದರಂತೆ. ಗಂಟೆ ಹತ್ತು ಬಾರಿಸುತ್ತಿದೆ.

ಇಲ್ಲಿಂದ ಮುಂದಿನ ಅರ್ಧ ಗಂಟೆಯಲ್ಲಿ ನಾನು ಕಂಡದ್ದು ಮೂವತ್ತೊಂಬತ್ತು ವರ್ಷದ ವಿದ್ಯೆ. ಮೇಸ್ತ್ರಿ ಮತ್ತೆ ಇಂಜಿನ್ ಚಾಲೂ ಮಾಡಿಸುತ್ತಾರೆ. ಒಂದು ಲೋಟ ನೀರು ತಂದು, ಓಡುವ ಬೆಲ್ಟಿನ ಒಳಮೈಗೆ ಬೆರಳ ತುದಿಯಿಂದ ನಾಲ್ಕು ಹನಿ ಚಿಮುಕಿಸುತ್ತಾರೆ. ಕಣ್ಣು ಮಾತ್ರ ಕಿಟಕಿಯ ಮೇಲೆ. ಹೆಂಡತಿಯ ಕೈ ಕೆಳಗಿಳಿಯುತ್ತದೆ. ನಾಲ್ಕೈದು ಕ್ಷಣ ಕಳೆದು ಮತ್ತೆ ಮೇಲೇಳುತ್ತದೆ. ಇನ್ನೊಮ್ಮೆ ಚಿಮುಕಿಸುತ್ತಾರೆ. ಕೈ ಇಳಿಯುತ್ತದೆ, ಮತ್ತೆ ಏಳುತ್ತದೆ. ಮೇಸ್ತ್ರಿಗೆ ಅಷ್ಟು ಸಾಕು. ನೀರು ಬಿದ್ದಾಗ ಸದ್ದು ಜೋರಾದರೆ ಬೆಲ್ಟು ಸಡಿಲವೆಂದು ಲೆಕ್ಕ. ನೀರು ಬಿದ್ದು ಸದ್ದು ನಿಂತು, ಒಣಗುತ್ತಲೇ ಮರಳಿದರೆ ಗಾಲಿಗಳ ಸಾಲು ತಪ್ಪಿದೆ. ಎಷ್ಟು ಹೊಸ ಬೆಲ್ಟು ಹಾಕಿದರೂ ಅದು ಮೂಗಿಗೆ ತುಪ್ಪ ಸವರಿದಂತೆಯೇ ಸರಿ.

ಇಂಜಿನ್ ಆರಿಸಿ ಉಕ್ಕಿನ ಪಟ್ಟಿಯೊಂದನ್ನು ಮೂರೂ ಗಾಲಿಗಳ ಮುಖಕ್ಕೆ ಅಡ್ಡಲಾಗಿ ಹಿಡಿಯುತ್ತಾರೆ. ಎರಡಕ್ಕೆ ಸರಿಯಾಗಿ ಅಂಟುತ್ತದೆ. ಆಲ್ಟರ್ನೇಟರಿನ ಗಾಲಿ ಮಾತ್ರ ಕೂದಲೆಳೆಗಿಂತ ಸ್ವಲ್ಪ ಹೆಚ್ಚು ಹಿಂದಿದೆ. ನನ್ನ ಟಾರ್ಚಿನ ಬೆಳಕು ಆ ಸಂದಿಯಲ್ಲಿ ಸಣ್ಣ ಗೆರೆಯಾಗಿ ಹೊಳೆಯುತ್ತದೆ. ಅವರು ಅದನ್ನು ನೋಡುತ್ತ ಹಣೆ ಒತ್ತಿಕೊಳ್ಳುತ್ತಾರೆ. ಆಲ್ಟರ್ನೇಟರ್ ತೂಗುವ ಬೋಲ್ಟಿನಲ್ಲಿ, ಅದರ ಹಿಂದೆ ಒಂದು ತೆಳು ವಾಷರ್ ಇರಬೇಕು. ಇಲ್ಲ. ಹಳೆಯ ಆಲ್ಟರ್ನೇಟರ್ ಬಿಚ್ಚಿದಾಗ ವಾಷರು ಗ್ರೀಸಿಗೆ ಮೆತ್ತಿಕೊಂಡು ಅದರ ಜೊತೆಗೇ ಗುಜರಿಗೆ ಹೋಗಿದೆ. ಕೈಯಲ್ಲಿ ವಾಷರ್ ಉಳಿಯದಿದ್ದರೆ ಅದು ಇತ್ತೆಂಬುದೂ ಯಾರಿಗೂ ನೆನಪಾಗುವುದಿಲ್ಲ. ಈ ಕೆಲಸ ಮಾಡುವವರು ಮಾತ್ರ ಮಾಡಬಲ್ಲ ತಪ್ಪು ಇದು.

"ಇದು ನಂದೇ," ಎನ್ನುತ್ತಾರೆ ನನ್ನತ್ತ ತಿರುಗಿ. "ಬರ್ಕೊಳ್ಳಿ. ಬೆಲ್ಟಿಂದಲ್ಲ, ಡ್ರೈವರ್‌ದೂ ಅಲ್ಲ. ಮೊದಲ ತಪ್ಪು ನಂದು."

ಇಂಜಿನ್ ಇನ್ನೂ ಸುಡುತ್ತಿದೆ. ಬೇರೆ ದಿನವಾಗಿದ್ದರೆ ತಣ್ಣಗಾಗಲಿ ಎಂದು ಚಹಾ ಕೇಳುತ್ತಿದ್ದರು. ಇವತ್ತು ಕೇಳುವುದಿಲ್ಲ. ಒದ್ದೆ ಬಟ್ಟೆಯನ್ನು ಕೈಗೆ ಸುತ್ತಿಕೊಂಡು ಬೋಲ್ಟಿಗೆ ಪಾನಾ ಹಾಕುತ್ತಾರೆ. ಹೆಂಡತಿ ಒಳಗಿಂದ ಓಡಿಬಂದು ಇನ್ನೊಂದು ಒದ್ದೆ ಬಟ್ಟೆ ಹಿಡಿದು ನಿಲ್ಲುತ್ತಾರೆ, ಒಂದು ಬಿಸಿಯಾದಂತೆ ಇನ್ನೊಂದು ಕೊಡುತ್ತಾರೆ. ಡ್ರೈವರ್ ವಾಷರಿನ ಡಬ್ಬಿಯನ್ನು ನೆಲಕ್ಕೆ ಸುರಿದು ಬೆರಳಾಡಿಸಿ ಹುಡುಕುತ್ತಾನೆ. ಮೊದಲನೆಯದು ದಪ್ಪ, ಎರಡನೆಯದರ ತೂತು ಚಿಕ್ಕದು. ಮೂರನೆಯದನ್ನು ಮೇಸ್ತ್ರಿ ಉಗುರಿನಿಂದ ಅಳೆದು, ಬೋಲ್ಟಿಗೆ ತೂರಿಸಿ, ಪಟ್ಟಿ ಹಿಡಿದು ನೋಡುತ್ತಾರೆ. ನನ್ನ ಬೆಳಕಿಗೆ ಈಗ ನುಸುಳಲು ಸಂದಿ ಸಿಗುವುದಿಲ್ಲ. ಬೆಲ್ಟು ಏರುತ್ತದೆ, ಹೆಬ್ಬೆರಳು ಒತ್ತುತ್ತದೆ, ಅರ್ಧ ಅಂಗುಲ. ಮುಂಗೈ ಮೇಲೆ ಹೊಸ ಕೆಂಪು ಗೆರೆಯೊಂದು ಎದ್ದಿದೆ. ಅದನ್ನು ಅವರು ಗಮನಿಸಿಯೇ ಇಲ್ಲ.

ಇಂಜಿನ್ ಚಾಲೂ. ಹೆಂಡತಿ ಕಿಟಕಿಗೆ ಹೋಗುವಷ್ಟೂ ಕಾಯದೆ ಅಲ್ಲೇ ಬಾನೆಟ್ಟಿನ ಪಕ್ಕ ತಲೆ ಬಾಗಿಸಿ ನಿಲ್ಲುತ್ತಾರೆ. ಹೆಡ್‌ಲೈಟು ಹಾಕಿಸುತ್ತಾರೆ, ಹೀಟರು ಹಾಕಿಸುತ್ತಾರೆ, ಆಕ್ಸಿಲರೇಟರ್ ಒತ್ತಿಸುತ್ತಾರೆ. ಭಾರ ಬಿದ್ದಾಗಲೇ ಬೆಲ್ಟು ಬಾಯಿಬಿಡುವುದು ಎಂಬುದು ಇಷ್ಟು ವರ್ಷದಲ್ಲಿ ಅವರಿಗೂ ಗೊತ್ತು. ಒಂದು ನಿಮಿಷ. ಎರಡು ನಿಮಿಷ. ಕೇಳುತ್ತಿರುವುದು ಇಂಜಿನ್ನಿನ ದಪ್ಪ ದನಿಯೊಂದೇ. ಆಮೇಲೆ ಅವರು ಅಂಗೈಯನ್ನು ಗಂಡನ ತೋಳಿನ ಮೇಲೆ ಚಪ್ಪಟೆಯಾಗಿ ಇಡುತ್ತಾರೆ.

ಗಾಡಿ ಹತ್ತೂ ಮೂವತ್ತಮೂರಕ್ಕೆ ಹೊರಡುತ್ತದೆ. ಮೂರು ನಿಮಿಷ ತಡವಾಯಿತೆಂದು ಈ ಸಲ ಡ್ರೈವರ್ ಗೊಣಗುವುದಿಲ್ಲ. ಬಿಸಿ ತೋರಿಸುವ ಸೂಜಿ ನಡುವಿನಿಂದ ಮೇಲೆ ಹೋದರೆ ನಿಲ್ಲಿಸು, ಸದ್ದು ಬಂದರೆ ಬಂದು ಹೇಳು, ನನ್ನ ಮುಖ ನೋಡಬೇಡ ಎಂದು ಭಾವ ಕಿಟಕಿ ಹಿಡಿದು ಹೇಳುತ್ತಾರೆ. ಅವನು ಆಯ್ತು ಭಾವ ಎನ್ನುತ್ತಾನೆ, ಎರಡು ಸಲ.

ಆಮೇಲಿನ ಮೂರೂವರೆ ಗಂಟೆ ಉದ್ದವಾದದ್ದು. ದಿನದ ಎರಡನೇ ಗಾಡಿ ಬಂದು ನಿಂತಿದೆ, ಮೇಸ್ತ್ರಿ ಅದರಡಿ ತೂರಿದ್ದಾರೆ. ಆದರೆ ಸೊಂಟ ಹಿಡಿದು ಹೊರಬಂದಾಗಲೆಲ್ಲ ನೋಡುವುದು ಆಕಾಶವನ್ನಲ್ಲ, ಬೆಟ್ಟವನ್ನು. ಹೆಂಡತಿ ಒಂದೇ ಹೊಲಿಗೆಯನ್ನು ಮೂರು ಸಲ ಬಿಚ್ಚಿ ಹಾಕುತ್ತಾರೆ. ನನಗೂ ಹೊರಡಲು ಮನಸ್ಸಾಗುವುದಿಲ್ಲ. ಪುರವಣಿಯ ಸಂಪಾದಕರ ಎರಡು ಕರೆಗಳನ್ನು ತಪ್ಪಿಸಿಕೊಂಡಿದ್ದೇನೆ. ಎರಡು ಗಂಟೆ ಹತ್ತು ನಿಮಿಷಕ್ಕೆ ಹೆಂಡತಿಯ ಫೋನು ಬಡಿದುಕೊಳ್ಳುತ್ತದೆ. ತಮ್ಮ. ನಾಲ್ವರೂ ಯಂತ್ರದ ಮೇಲಿದ್ದಾರೆ. ಹೋಗುವಾಗಲೂ ಬರುವಾಗಲೂ ಸೂಜಿ ನಡುವಿನಿಂದ ಕದಲಲಿಲ್ಲ. ಕೀರಲೂ ಇಲ್ಲ. ಗ್ರಂಥಪಾಲಕಿ ದಾರಿಯುದ್ದಕ್ಕೂ ನಿದ್ದೆ ಹೋದರಂತೆ, ಇಷ್ಟು ಸದ್ದಿಲ್ಲದ ಜಾಗ ತನ್ನ ಗ್ರಂಥಾಲಯದಲ್ಲೂ ಇರಲಿಲ್ಲ ಎಂದರಂತೆ. ಹೆಂಡತಿ ಅದನ್ನು ದಪ್ಪ ದನಿಯಲ್ಲಿ ಗಂಡನಿಗೆ ಒಪ್ಪಿಸುತ್ತಾರೆ. ಮೇಸ್ತ್ರಿ ಪಾನಾ ಕೆಳಗಿಟ್ಟು, ಕೈ ಒರೆಸಿಕೊಂಡು, ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿಯುತ್ತಾರೆ.

ನಾನು ಪುಸ್ತಕ ಮಡಚುತ್ತ ಅವರನ್ನು ಒಂದು ಮಾತು ಕೇಳಲೇಬೇಕಾಗಿದೆ. ಕಿವಿಯ ಸಂಗತಿ ಇದುವರೆಗೆ ಗಿರಾಕಿಗಳಿಗೆ ಗೊತ್ತಿಲ್ಲ; ಅದನ್ನು ಬರೆಯಲೇ, ಬಿಡಲೇ? ಹೆಂಡತಿ ಕಿಟಕಿಯಿಂದ ಗಂಡನನ್ನೇ ನೋಡುತ್ತಾರೆ. ಬಿಟ್ಟುಬಿಡಿ ಎಂದು ಅವರ ಬಾಯಿಗೆ ಬಂದದ್ದು ನನಗೂ ಕಾಣುತ್ತದೆ. ಮೇಸ್ತ್ರಿ ಸ್ವಲ್ಪ ಯೋಚಿಸಿ, ಬರೆಯಿರಿ ಎನ್ನುತ್ತಾರೆ. ಮುಚ್ಚಿಟ್ಟದ್ದಕ್ಕೆ ಒಂದು ರೇಡಿಯೇಟರು ಹೋಯಿತು, ನಾಲ್ಕು ಜನ ದಾರಿಯಲ್ಲಿ ಕೂತರು, ಇನ್ನು ಸಾಕು ಎನ್ನುತ್ತಾರೆ. ಬೇರೆ ಆಸೆ ಏನೂ ಇಲ್ಲವಂತೆ, ಪತ್ರಿಕೆಯಲ್ಲಿ ಇದೊಂದು ಮಾತು ಅವರು ಹೇಳಿದ ಹಾಗೇ ಬರಬೇಕಂತೆ.

"ಮೇಸ್ತ್ರಿಗೆ ಸಣ್ಣ ಸದ್ದು ಕೇಳ್ಸಲ್ಲ ಅಂತ ಬರೀರಿ. ನನ್ ಕೈ ದಾಟಿದ ಗಾಡಿ ಯಾವ್ದಾದ್ರೂ ಕೂಗ್ತಿದ್ರೆ, ಎಷ್ಟು ವರ್ಷ ಆಗಿದ್ರೂ ಸರಿ, ಬಂದು ಮುಖಕ್ಕೇ ಹೇಳಿ. ಬೇಜಾರಾಗಲ್ಲ. ನೀವು ಹೇಳಿದ್ರೆ ಸಾಕು, ಸರಿ ಮಾಡೋದು ನಂಗೆ ಗೊತ್ತು."